ಹನ್ನೊಂದು ಖಾಲಿ ಜಾಗ

ಯಾಮಿನಿ ಕಳಿಸಿದ್ದ ಕಾಗದದಲ್ಲಿ ಹನ್ನೊಂದು ಕಡೆ ಜಾಗ ಖಾಲಿ ಬಿಟ್ಟಿತ್ತು. ಹಾಲಪ್ಪ ಅದನ್ನು ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಒಂದು ಸಲ ಎಣಿಸಿದ್ದ, ಈಗ ಇಂಗ್ಲೆಂಡಿನ ಸೊಲಿಹಲ್‌ನ ಕಮ್ಯೂನಿಟಿ ಹಾಲಿನ ಮುಂದೆ ಕಾರು ನಿಲ್ಲಿಸಿ ಇನ್ನೊಂದು ಸಲ ಎಣಿಸಿದ. ‘ಯಾಮಿನಿ ಏಳು ವರ್ಷದವಳಿದ್ದಾಗ ನನ್ನ ಶನಿವಾರದ ಕನ್ನಡ ತರಗತಿಗೆ ಸೇರಿದಳು. ಈ ಹತ್ತು ವರ್ಷಗಳಲ್ಲಿ ನಾನು ಅವಳಲ್ಲಿ ಕಂಡದ್ದು’ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು, ಅದರ ಮುಂದೆ ಉದ್ದನೆಯದೊಂದು ಗೆರೆ. ‘ಕಲಿಯುವ ವಿಷಯದಲ್ಲಿ ಅವಳು’, ಗೆರೆ. ‘ಅವಳಿಗೆ ಬಹಳ ಕಷ್ಟವಾದದ್ದು’, ಮತ್ತೆ ಗೆರೆ. ಕೊನೆಯಲ್ಲಿ ಸಣ್ಣದೊಂದು ಟಿಪ್ಪಣಿ: ಮೇಷ್ಟ್ರೇ, ನೀವು ಹೇಳಿದ ಹಾಗೆ ಡ್ರಾಫ್ಟ್ ಮಾಡಿದ್ದೇನೆ, ಹೆಸರು ತಾರೀಖು ಎಲ್ಲ ಸರಿಯಾಗಿವೆ, ನಿಮ್ಮ ಅಭಿಪ್ರಾಯ ಬರಬೇಕಾದ ಕಡೆ ಮಾತ್ರ ಜಾಗ ಬಿಟ್ಟಿದ್ದೇನೆ. ಹದಿನೇಳರ ಹುಡುಗಿ ಇಷ್ಟು ವಿನಯವಾಗಿ ಬರೆದದ್ದನ್ನು ಓದಿ ಹಾಲಪ್ಪನಿಗೆ ಸಂತೋಷವಾಗಬೇಕಿತ್ತು. ಆದರೆ ಯಾರೋ ಕಾರಿನ ಕಿಟಕಿಯಾಚೆ ನಿಂತು ತನ್ನನ್ನು ನೋಡುತ್ತಿದ್ದಾರೆ ಅನ್ನಿಸಿ ಅವನು ಕಾಗದವನ್ನು ನಾಲ್ಕಾಗಿ ಮಡಚಿ ಕೋಟಿನ ಜೇಬಿಗೆ ತುರುಕಿದ.

ಯಾಮಿನಿ ಹಾಕುತ್ತಿದ್ದ ಅರ್ಜಿ ಯಾವುದಕ್ಕೆ ಎನ್ನುವುದು ಅವನಿಗೆ ಅರ್ಥವಾಗಲು ಎರಡು ದಿನ ಹಿಡಿದಿತ್ತು. ಲೀಡ್ಸ್ ಕಡೆಯ ಒಂದು ವಿಶ್ವವಿದ್ಯಾಲಯ. ಅಲ್ಲಿ ಸೀಟು ಸಿಕ್ಕುವುದೇ ದೊಡ್ಡದು. ಸಿಕ್ಕವರೊಳಗೇ ಮತ್ತೆ ನಲವತ್ತು ಜನರನ್ನು ಆರಿಸಿ ಆನರ್ಸ್ ಕಾಲೇಜು ಎಂಬ ಬೇರೆಯದೇ ಒಂದಕ್ಕೆ ಸೇರಿಸಿಕೊಂಡು, ಮೊದಲ ವರ್ಷದಿಂದಲೇ ಅವರ ಕೈಗೆ ಸಂಶೋಧನೆ ಕೊಡುತ್ತಾರಂತೆ. ಅದಕ್ಕೆ ಸ್ಕೂಲಿನವರ ಪತ್ರ ಒಂದೇ ಸಾಲದು, ಸ್ಕೂಲಿನ ಹೊರಗೆ ಏನನ್ನಾದರೂ ಕಲಿಸಿದವರೊಬ್ಬರು ಇನ್ನೊಂದು ಬರೆಯಬೇಕು. ಯಾಮಿನಿಗೆ ಹಾಕಿ ಆಟ ಕಲಿಸಿದವಳಿದ್ದಳು, ಪಿಯಾನೋ ಕಲಿಸಿದ ಮಹಾಶಯರೊಬ್ಬರಿದ್ದರು. ಅವರನ್ನೆಲ್ಲ ಬಿಟ್ಟು ಮೂರು ವಾರದ ಹಿಂದೆ ಅವಳು ಹಾಲಪ್ಪನ ಹತ್ತಿರ ಬಂದಿದ್ದಳು. ಅವನ ಎದೆ ಉಬ್ಬಿದ್ದು ನಿಜ. ಕಾರು ಕಾರ್ಖಾನೆಯಲ್ಲಿ ಬ್ರೇಕು ಪರೀಕ್ಷೆ ಮಾಡಿಕೊಂಡಿರುವ, ಅಲ್ಲಿನವರ ಬಾಯಲ್ಲಿ ‘ಹ್ಯಾಲ್’ ಆಗಿಹೋಗಿರುವ, ಹರಿಹರದ ಹಾಲಪ್ಪನ ಪತ್ರ ಒಂದು ವಿಶ್ವವಿದ್ಯಾಲಯಕ್ಕೆ ಬೇಕಾಗಿದೆ! ಆ ಉಬ್ಬಿನಲ್ಲಿಯೇ ಅವನು ಕೈ ಬೀಸಿ ಹೇಳಿಬಿಟ್ಟಿದ್ದ: “ಅದಕ್ಕೇನಂತೆ, ನೀನೇ ಒಂದು ಬರ್ಕೊಂಡು ಬಾರಮ್ಮ. ನಾನು ಸೈನ್ ಹಾಕ್ತೀನಿ.”

ಅವನಿಗೆ ಅದು ತಪ್ಪು ಅನ್ನಿಸಿಯೇ ಇರಲಿಲ್ಲ. ಪತ್ರ ಬೇಕಾದವನೇ ಪತ್ರ ಬರೆದುಕೊಂಡು ಹೋಗುವುದು, ದೊಡ್ಡವರು ಸಹಿ ಹಾಕುವುದು. ಅವನಿಗೆ ಗೊತ್ತಿದ್ದ ಪ್ರಪಂಚವೆಲ್ಲ ನಡೆದದ್ದೇ ಹಾಗೆ. ದೊಡ್ಡವರಿಗೆ ಪುರುಸೊತ್ತು ಎಲ್ಲಿರುತ್ತದೆ? ಯಾಮಿನಿ ಒಂದು ಕ್ಷಣ ಅವನ ಮುಖ ನೋಡಿ “ಓಕೆ ಮೇಷ್ಟ್ರೇ” ಎಂದು ಹೋಗಿದ್ದಳು. ಈಗ ಕಾರಿನಲ್ಲಿ ಕುಳಿತು, ವಿಶ್ವವಿದ್ಯಾಲಯದವರು ಕಳಿಸಿದ ಕೊಂಡಿಯನ್ನು ಫೋನಿನಲ್ಲಿ ತೆರೆದು ಕೆಳಕೆಳಗೆ ಸರಿಸಿದಾಗ ಕೊನೆಯಲ್ಲೊಂದು ಚೌಕ ಕಂಡಿತು. ಈ ಪತ್ರದ ಯಾವ ಭಾಗವನ್ನೂ ಅರ್ಜಿದಾರರು ಬರೆದಿಲ್ಲವೆಂದು ದೃಢೀಕರಿಸುತ್ತೇನೆ. ಇಲ್ಲವಾದಲ್ಲಿ ಅರ್ಜಿ ತಿರಸ್ಕೃತವಾಗುತ್ತದೆ. ಅದರ ಮೇಲೆ ಗಡುವು: ಇಂದು ಸಂಜೆ ಐದು ಗಂಟೆ. ಹಾಲಪ್ಪ ಹೀಟರ್ ಆರಿಸಿದ. ಹಾಗಾದರೆ ಹುಡುಗಿಗೆ ಇದು ಮೊದಲೇ ಗೊತ್ತಿತ್ತು. ಬರೆಯಲಾರೆ ಅಂದರೆ ಮೇಷ್ಟ್ರಿಗೆ ಎದುರಾಡಿದಂತೆ, ಬರೆದರೆ ಸುಳ್ಳು. ಎರಡೂ ಆಗದೆ ಅವಳು ಹನ್ನೊಂದು ಗೆರೆ ಎಳೆದಿದ್ದಳು. ಮೂರು ವಾರ ಅದನ್ನೇ ಯೋಚಿಸಿರಬೇಕು, ನಿನ್ನೆ ಸಂಜೆಯವರೆಗೂ. ಅವನು ಆ ಮೂರು ವಾರದಲ್ಲಿ ಮನೆಗೆ ಬಂದವರಿಗೆಲ್ಲ ಪತ್ರದ ಸುದ್ದಿ ಹೇಳಿ ಕಾಫಿ ಕುಡಿಸಿದ್ದ.

ಫೋನು ಕೈಯಲ್ಲಿರುವಾಗಲೇ ಅದು ಬಡಿದುಕೊಂಡಿತು. ಯಾಮಿನಿಯ ತಾಯಿ ಡಾಕ್ಟರ್ ವಸುಂಧರಾ. ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗದ ಕನ್ಸಲ್ಟಂಟ್, ಪಾಳಿಯ ಪಟ್ಟಿಯಲ್ಲಿ ಈ ಶನಿವಾರವೂ ಡ್ಯೂಟಿ, ಎರಡು ರೋಗಿಗಳ ನಡುವೆ ಮಾಡಿದ ಕರೆ. ಪತ್ರ ಹೋಯಿತಾ ಎಂದು ಕೇಳಿದರು. ಮಧ್ಯಾಹ್ನದೊಳಗೆ ಹೋಗುತ್ತದೆ ಎಂದ. ಬೇರೆ ಮಕ್ಕಳಿಗೆ ಪ್ರೊಫೆಸರುಗಳು, ಸರ್ಜನ್‌ಗಳು ಬರೆಯುತ್ತಿದ್ದಾರೆ, ಇವಳು ಮಾತ್ರ ಹಟ ಹಿಡಿದು ನಿಮ್ಮನ್ನೇ ಕೇಳಿದಳು ಎಂದು ನಕ್ಕರು. ನಗುವಿನ ಬಾಲದಲ್ಲಿ ಸ್ವಲ್ಪ ತಡೆದು, “ಹಾಲಪ್ಪನವ್ರೇ, ತಪ್ಪು ತಿಳ್ಕೋಬೇಡಿ. ನಿಮ್ಮ ಡೆಸಿಗ್ನೇಷನ್ ಸ್ವಲ್ಪ ದೊಡ್ಡದಾಗಿ ಹಾಕಿ. ಕನ್ನಡ ಸಂಘದ ಟ್ರಸ್ಟಿ ಅಂತಾನೋ, ಡೈರೆಕ್ಟರ್ ಅಂತಾನೋ” ಎಂದರು. ತಪ್ಪೇನಿಲ್ಲ ಡಾಕ್ಟ್ರೇ ಎಂದ ಹಾಲಪ್ಪನ ಕಿವಿ ಬಿಸಿಯಾಗಿತ್ತು. ಅವರ ಮಾತಿನಲ್ಲಿ ದುರುದ್ದೇಶವಿರಲಿಲ್ಲ, ತಾಯಿಯ ಆತಂಕವಿತ್ತು. ಅದಕ್ಕೇ ಅದು ಇನ್ನಷ್ಟು ಚುಚ್ಚಿತು.

ಹಾಲಿನ ಬಾಗಿಲು ತೆರೆಯುವ ಕೆಲಸವನ್ನು ಹಾಲಪ್ಪ ಹದಿನೇಳು ವರ್ಷದಲ್ಲಿ ಯಾರಿಗೂ ಬಿಟ್ಟುಕೊಟ್ಟಿಲ್ಲ. ಕೌನ್ಸಿಲಿನವರು ಕೊಟ್ಟ ಆ ಕೀಲಿಗೊಂಚಲು ಅವನಿಗೆ ಕಾರ್ಖಾನೆಯ ಪಾಸಿಗಿಂತ ಹೆಚ್ಚು. ಹತ್ತಕ್ಕೆ ತೆರೆಯಬೇಕು, ಒಂದಕ್ಕೆ ಕರಾಟೆಯವರು ಬರುವುದರೊಳಗೆ ಕುರ್ಚಿಗಳನ್ನು ಪೇರಿಸಿ ಬಿಟ್ಟುಕೊಡಬೇಕು. ಹತ್ತೂಕಾಲಿಗೆ ಮಕ್ಕಳು ಬಂದವು, ಜಾಕೆಟ್ಟುಗಳು ರೇಡಿಯೇಟರಿನ ಮೇಲೆ ಗುಡ್ಡೆ ಬಿದ್ದವು. ಯಾಮಿನಿಯೂ ಬಂದಳು. ಅವಳು ಕಲಿಯಬೇಕಾದದ್ದೆಲ್ಲ ಮುಗಿದು ಎರಡು ವರ್ಷವಾಗಿತ್ತು. ಈಗ ಮೂಲೆಯಲ್ಲಿ ಚಿಕ್ಕವರನ್ನು ಸುತ್ತ ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತಾಳೆ. “ಗುಡ್ ಮಾರ್ನಿಂಗ್ ಮೇಷ್ಟ್ರೇ” ಎಂದಳು, ಪತ್ರದ ಮಾತೆತ್ತಲಿಲ್ಲ. ಅವನೂ ಎತ್ತಲಿಲ್ಲ. ದೊಡ್ಡ ಮಕ್ಕಳಿಗೆ ಒಂದು ಪುಟ ನಕಲು ಮಾಡಲು ಕೊಟ್ಟು, ಮೇಜಿನ ಮುಂದೆ ಕುಳಿತು, ಲ್ಯಾಪ್‌ಟಾಪಿನ ಪಕ್ಕದಲ್ಲಿ ಅವಳ ಕಾಗದ ಬಿಡಿಸಿದ. ಗೆರೆಗಳನ್ನಾದರೂ ತುಂಬೋಣ, ಆಮೇಲೆ ಅವಳ ವಾಕ್ಯಗಳನ್ನು ಅಷ್ಟಿಷ್ಟು ತಿರುವಿಹಾಕಿದರೆ ತನ್ನದೇ ಆಗುತ್ತದೆ. ಮೊದಲ ಗೆರೆಯ ಮೇಲೆ ‘ಔಟ್‌ಸ್ಟ್ಯಾಂಡಿಂಗ್’ ಎಂದು ಬರೆದ. ಎರಡನೆಯದರ ಮೇಲೆ ‘ಎಕ್ಸೆಪ್ಷನಲ್’. ಮೂರನೆಯದಕ್ಕೆ ಮತ್ತೆ ‘ಔಟ್‌ಸ್ಟ್ಯಾಂಡಿಂಗ್’ ಬಂದು ಪೆನ್ನಿನ ತುದಿಯಲ್ಲಿ ನಿಂತಿತು. ಆ ಪದ ಅವನಿಗೆ ಚೆನ್ನಾಗಿ ಪರಿಚಯವಿತ್ತು.

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ. ಪುಣೆಯ ಒಂದು ಕಂಪನಿಗೆ ಅರ್ಜಿ ಹಾಕಲು ವಿಭಾಗದ ಮುಖ್ಯಸ್ಥರ ಪತ್ರ ಬೇಕಿತ್ತು. ಪ್ರೊಫೆಸರ್ ಶಿವಕುಮಾರ ತಲೆಯೆತ್ತದೆ “ಬರ್ಕೊಂಡ್ ಬಾ” ಅಂದಿದ್ದರು. ಹಾಸ್ಟೆಲಿನ ಮಂಚದ ಮೇಲೆ ಮಧ್ಯಾಹ್ನವೆಲ್ಲ ಮಲಗಿ ಹಾಲಪ್ಪ ತನ್ನ ಬಗ್ಗೆ ತಾನೇ ಬರೆದುಕೊಂಡಿದ್ದ: ನನ್ನ ಮೂವತ್ತು ವರ್ಷದ ಅಧ್ಯಾಪನದಲ್ಲಿ ಇಂಥ ಔಟ್‌ಸ್ಟ್ಯಾಂಡಿಂಗ್ ವಿದ್ಯಾರ್ಥಿಯನ್ನು ಕಂಡಿಲ್ಲ. ಅದನ್ನು ಟೈಪು ಮಾಡಿಸಲು ಕೋರ್ಟಿನ ಎದುರಿನ ಅಂಗಡಿಗೆ ಹೋದ. ಟೈಪಿಸ್ಟು ಎರಡು ಸಾಲು ಕುಟ್ಟಿ, ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿ ಕೇಳಿದ: “ಯಾರಪ್ಪಾ ಈ ಹುಡುಗ, ಇಷ್ಟು ಶ್ಯಾಣ್ಯಾ?” ಹಾಲಪ್ಪನ ಬಾಯಿಂದ “ನನ್ನ ಫ್ರೆಂಡು” ಎಂದು ಬಂದುಬಿಟ್ಟಿತು. ಪಾಪ, ಆ ಮನುಷ್ಯ ಅದನ್ನು ನಂಬಿ, ನಿನ್ನ ಫ್ರೆಂಡು ಮುಂದಕ್ಕೆ ಬರ್ತಾನೆ ಬಿಡು ಅಂದ. ಪ್ರೊಫೆಸರು ಕನ್ನಡಕ ಹುಡುಕದೆಯೇ ಸಹಿ ಹಾಕಿದರು. ಆ ಕಾಗದ ಹಿಡಿದುಕೊಂಡೇ ಅವನು ಪುಣೆಗೆ ಹೋದ, ಪುಣೆಯಿಂದ ಇಲ್ಲಿಗೆ ಬಂದ, ಇಲ್ಲಿಯೂ ಪ್ರತಿ ಡಿಸೆಂಬರಿನಲ್ಲಿ ತನ್ನ ಕೆಲಸ ಎಷ್ಟು ಚೆನ್ನಾಗಿದೆಯೆಂದು ತಾನೇ ಫಾರಂ ತುಂಬುತ್ತಾನೆ, ಮ್ಯಾನೇಜರು ಒಪ್ಪಿಗೆಯ ಗುಂಡಿ ಒತ್ತುತ್ತಾನೆ. ಐವತ್ತೆರಡು ವರ್ಷದಲ್ಲಿ ತನ್ನ ಬಗ್ಗೆ ಕೇಳಿದ ಒಳ್ಳೆಯ ಮಾತೆಲ್ಲ ತಾನೇ ಬರೆದದ್ದು. ಇದು ಹಾಲಪ್ಪನಿಗೆ ಇವತ್ತು ಹೊಳೆದದ್ದೇನಲ್ಲ. ಆದರೆ ಹನ್ನೊಂದು ಗೆರೆಗಳ ಮುಂದೆ ಕುಳಿತು ಅದನ್ನು ನೆನೆಯುವುದು ಬೇರೆಯಾಗಿತ್ತು.

ಮೂಲೆಯಲ್ಲಿ ಯಾಮಿನಿ ಒಂದು ಮಗುವಿನ ಪುಸ್ತಕ ತಿರುಗಿಸಿ ನೋಡಿ, ಚೆನ್ನಾಗಿದೆ ಎನ್ನದೆ, ಮೂರನೆಯದನ್ನು ಇನ್ನೊಂದು ಸಲ ಬರೆ ಎಂದಳು. ಮಗು ತುಟಿ ಮುಂದೆ ಮಾಡಿತು. ಅವಳು ಕಾದಳು. ಮಗು ಬರೆಯಿತು. ಆಗ ಮಾತ್ರ, ಹ್ಞಾಂ ಈಗ ಸರಿ ಹೋಯ್ತು, ಎಂದಳು. ಹಾಲಪ್ಪನಿಗೆ ಐದು ವರ್ಷದ ಹಿಂದಿನದು ನೆನಪಾಯಿತು. ಹನ್ನೆರಡು ವರ್ಷದ ಯಾಮಿನಿ, ತಲೆಗೆ ಮಲ್ಲಿಗೆ ಮುಡಿದು, ಇದೇ ಹಾಲಿನ ವೇದಿಕೆಯ ಮೇಲೆ ನಿಂತದ್ದು. ಯುಗಾದಿ ಕಾರ್ಯಕ್ರಮ, ಇನ್ನೂರು ಜನ, ಅವನು ರೇಷ್ಮೆ ಜುಬ್ಬ ಹಾಕಿಕೊಂಡು ಇಪ್ಪತ್ತಮೂರು ಮಕ್ಕಳಿಗೂ ಒಂದೇ ಸರ್ಟಿಫಿಕೇಟು ಹಂಚುತ್ತಿದ್ದ: ‘ಅತ್ಯುತ್ತಮ ವಿದ್ಯಾರ್ಥಿ’. ಎಲ್ಲರೂ ಅತ್ಯುತ್ತಮರೇ, ಅಪ್ಪ ಅಮ್ಮಂದಿರೆಲ್ಲ ಫೋಟೋ ತೆಗೆಯುವವರೇ. ಯಾಮಿನಿ ಅದನ್ನು ಕೈಗೆ ತೆಗೆದುಕೊಂಡು ಫೋಟೋಗೆ ನಿಲ್ಲಲಿಲ್ಲ. ಓದಿದಳು. ಬೆರಳಿಟ್ಟು, ನಿಧಾನಕ್ಕೆ, ಅವನೇ ಕಲಿಸಿದ ಹಾಗೆ. ಓದಿ ಮುಗಿಸಿ ಮೈಕಿನ ಮುಂದೆಯೇ “ಇದು ನಂದಲ್ಲ ಮೇಷ್ಟ್ರೇ, ನಾನು ಐದು ವಾರ ಬಂದೇ ಇಲ್ಲ” ಎಂದು ವಾಪಸು ಕೊಟ್ಟಳು. ಹಾಲೆಲ್ಲ ನಕ್ಕಿತು. ಅವನೂ ನಗಬೇಕಾಯಿತು. ಜುಬ್ಬದೊಳಗೆ ಬೆವರು ಇಳಿಯುತ್ತಿತ್ತು.

ಆವತ್ತು ಸಂಜೆಯೇ ಅವನು ಡಾಕ್ಟರಿಗೆ ಫೋನು ಮಾಡಿದ. ದೂರು ಅಂತಲ್ಲ, ಮಗು ಸಭೆಯಲ್ಲಿ ಹಾಗೆ ನಡೆದುಕೊಂಡರೆ ನಾಳೆ ಅವಳಿಗೇ ತೊಂದರೆ ಎಂದು. ಮುಂದಿನ ಶನಿವಾರ ವಸುಂಧರಾ ಮಗಳನ್ನು ಕರೆದುಕೊಂಡು ಬಂದು ಮುಂದೆ ನಿಲ್ಲಿಸಿದರು. ಹುಡುಗಿ ತನ್ನ ಬೂಟು ನೋಡುತ್ತ ಸಾರಿ ಮೇಷ್ಟ್ರೇ ಎಂದಳು. ಇರ್ಲಿ ಬಿಡಿ ಡಾಕ್ಟ್ರೇ, ಮಕ್ಕಳಲ್ವೇ, ಎಂದು ಅವನು ದೊಡ್ಡತನ ತೋರಿಸಿದ. ಸರ್ಟಿಫಿಕೇಟನ್ನು ಮತ್ತೆ ಕೊಡಲು ಹೋದಾಗ ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು; ಸಾರಿ ಹೇಳಿದ್ದಳು, ಮಾತು ಹಿಂತೆಗೆದುಕೊಂಡಿರಲಿಲ್ಲ. ಅದು ಇವತ್ತಿಗೂ ಹಾಲಿನ ಬೀರುವಿನಲ್ಲಿ ಪುಸ್ತಕಗಳ ಅಡಿಯಲ್ಲಿದೆ. ಮುಂದಿನ ಯುಗಾದಿಗೆ ಅವನು ‘ಅತ್ಯುತ್ತಮ’ವನ್ನು ಕೈಬಿಟ್ಟ. ಪ್ರತಿ ಮಗುವಿಗೂ ಅದು ಕಲಿತದ್ದನ್ನೇ ಬರೆದುಕೊಟ್ಟ: ಆರು ಪದ್ಯ ಬಾಯಿಪಾಠ. ಅಜ್ಜಿಗೆ ಒಂದು ಪುಟದ ಪತ್ರ. ಒತ್ತಕ್ಷರ ಇನ್ನೂ ಕಷ್ಟ. ಕೆಲವು ತಂದೆತಾಯಿಗಳು ಗೊಣಗಿದರು, ಮರುವರ್ಷ ಅವರೇ ಅದನ್ನು ಚೌಕಟ್ಟು ಹಾಕಿಸಿದರು. ಮ್ಯಾಂಚೆಸ್ಟರಿನ ಕನ್ನಡ ಶಾಲೆಯವರು ಬಂದು ನೋಡಿ, ಯಾರ ಯೋಚನೆ ಇದು ಎಂದು ಕೇಳಿದರು. ಹಾಲಪ್ಪ ಗಂಟಲು ಸರಿಮಾಡಿಕೊಂಡು, ಬಹಳ ದಿನದಿಂದ ನನ್ನ ತಲೆಯಲ್ಲಿತ್ತು, ಎಂದ. ಹತ್ತಿರದಲ್ಲೇ ಯಾಮಿನಿ ನಿಂತಿದ್ದಳು. ಅವಳು ಕೇಳಿಸಿಕೊಂಡಳೋ ಇಲ್ಲವೋ ಎಂದು ಅವನು ಆಮೇಲೆ ಎಷ್ಟೋ ಶನಿವಾರ ಅವಳ ಮುಖ ನೋಡಿದ್ದಾನೆ.

ಹಾಗಾದರೆ ಇವಳು ತನ್ನನ್ನೇ ಯಾಕೆ ಕೇಳಿದಳು? ಸೇಡಿಗೆ? ಛೆ, ಅದು ಅವಳ ಜಾಯಮಾನವಲ್ಲ. ಇಷ್ಟು ಖಚಿತವಾಗಿ ಅವಳ ಜಾಯಮಾನ ತನಗೆ ಗೊತ್ತು ಎನ್ನುವುದು ಆಗ ಅವನಿಗೆ ತಟ್ಟಿತು. ಗೊತ್ತಿರುವುದನ್ನು ಬರೆಯಲು ಗೆರೆ ಯಾಕೆ ಬೇಕು? ಅವಳ ಕಾಗದವನ್ನು ಬದಿಗಿಟ್ಟು, ಮಕ್ಕಳ ಗೆರೆಹಾಳೆಯ ಪುಸ್ತಕವೊಂದನ್ನು ಎಳೆದುಕೊಂಡು, ಕನ್ನಡದಲ್ಲಿ ಬರೆಯತೊಡಗಿದ. ಇಂಗ್ಲಿಷಿನಲ್ಲಾದರೆ ದಾವಣಗೆರೆಯ ಪದಗಳು ಕರೆಯದೆಯೇ ಬಂದು ಕೂರುತ್ತವೆ. ಕನ್ನಡದಲ್ಲಿ ಅವನು ಯಾರನ್ನೂ ಹೊಗಳಿ ಅಭ್ಯಾಸವಿರಲಿಲ್ಲ, ತನ್ನನ್ನು ಕೂಡ. ಆದ್ದರಿಂದ ಇದ್ದದ್ದು ಇದ್ದ ಹಾಗೆ ಬಂತು. ನಾನು ಯಾಮಿನಿಗೆ ಎಂಟು ವರ್ಷ ಕನ್ನಡ ಕಲಿಸಿದ್ದೇನೆ. ಅವಳಿಗಿಂತ ಬೇಗ ಕಲಿತವರು ನನ್ನ ತರಗತಿಯಲ್ಲಿ ಮೂವರಿದ್ದಾರೆ. ಆದರೆ ಕೈಗೆ ಬಂದ ಕಾಗದದಲ್ಲಿ ಏನು ಬರೆದಿದೆಯೆಂದು ಓದಿ ನೋಡಿದವಳು ಅವಳೊಬ್ಬಳೇ. ಸರ್ಟಿಫಿಕೇಟಿನ ಕತೆ ಬರೆದ, ಐದು ವಾರ ಬರೆದ, ಸಾರಿ ಹೇಳಿಸಿದ್ದು ಬರೆದ. ಅಲ್ಲಿ ಕೈ ತಡೆಯಿತು. ಯಾರೋ ನಾಲ್ಕು ಜನ ಪ್ರೊಫೆಸರುಗಳು ಲೀಡ್ಸಿನಲ್ಲಿ ಮೇಜಿನ ಸುತ್ತ ಕುಳಿತು ಹ್ಯಾಲ್ ಎಂಬವನ ಸಣ್ಣತನವನ್ನು ಓದುತ್ತಾರೆ. ಓದಲಿ. ಅದಿಲ್ಲದೆ ಅವಳ ದೊಡ್ಡತನಕ್ಕೆ ಸಾಕ್ಷಿ ಎಲ್ಲಿದೆ? ಮರುವರ್ಷ ನಾನು ಪದ್ಧತಿ ಬದಲಿಸಿದೆ, ಅದು ನನ್ನ ಯೋಚನೆಯೆಂದು ಎಲ್ಲರಿಗೂ ಹೇಳಿದೆ, ಅದು ನನ್ನದಲ್ಲ, ಹನ್ನೆರಡು ವರ್ಷದ ಯಾಮಿನಿಯದು. ನಿಮ್ಮ ಕಾಲೇಜಿಗೆ ಸೇರಿದರೆ ನೀವು ಕೊಡುವುದನ್ನೂ ಅವಳು ಓದಿಯೇ ತೆಗೆದುಕೊಳ್ಳುತ್ತಾಳೆ, ಸಿದ್ಧರಾಗಿರಿ.

ಆ ಕೊನೆಯ ಮಾತನ್ನು ಬರೆದಾಗ ಹಾಲಪ್ಪ ತನ್ನಷ್ಟಕ್ಕೇ ನಕ್ಕ. ಮುಂದಿನ ಬೆಂಚಿನ ಮಕ್ಕಳು ನಕಲು ನಿಲ್ಲಿಸಿ, ಮೇಷ್ಟ್ರು ತಮ್ಮಂತೆಯೇ ಗೆರೆಹಾಳೆಯಲ್ಲಿ ಬರೆಯುತ್ತ ನಗುವುದನ್ನು ನೋಡುತ್ತಿದ್ದವು. ಹನ್ನೆರಡೂವರೆಗೆ ತರಗತಿ ಬಿಟ್ಟ. ಮಕ್ಕಳು ಜಾಕೆಟ್ಟು ಎಳೆದುಕೊಂಡು ಓಡಿದವು, ಯಾಮಿನಿ ಎಂದಿನಂತೆ ಕುರ್ಚಿ ಪೇರಿಸಲು ನಿಂತಳು. ಅವನು ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ಇಳಿಸಿದ, ಬಾರದ ಕಡೆ ಸಣ್ಣ ಪದವನ್ನೇ ಹಾಕಿದ. ಎಲ್ಲಿಯೂ ‘ಔಟ್‌ಸ್ಟ್ಯಾಂಡಿಂಗ್’ ಬರಲಿಲ್ಲ. ಬರೆದವರ ಹುದ್ದೆ ಎಂಬ ಕಡೆ ಒಂದು ನಿಮಿಷ ನಿಂತ. ಟ್ರಸ್ಟಿ ಸುಳ್ಳಲ್ಲ, ಸೀನಿಯರ್ ಇಂಜಿನಿಯರ್ ಕೂಡ ಸುಳ್ಳಲ್ಲ. ‘ಅವಳ ಶನಿವಾರದ ಮೇಷ್ಟ್ರು’ ಎಂದು ಹಾಕಿದ. ಡಾಕ್ಟರಿಗೆ ಏನು ಹೇಳಬೇಕೆಂದು ಆಮೇಲೆ ನೋಡಿಕೊಳ್ಳೋಣ. ಕೊನೆಯ ಚೌಕಕ್ಕೆ ಬಂದು ಅದನ್ನು ಇನ್ನೊಂದು ಸಲ ಓದಿದ. ಯಾವ ಭಾಗವನ್ನೂ ಅರ್ಜಿದಾರರು ಬರೆದಿಲ್ಲ. ಗುರುತು ಹಾಕಿ ಕಳಿಸಿದ. ಗಂಟೆ ಒಂದಕ್ಕೆ ಹತ್ತು ನಿಮಿಷ ಇತ್ತು.

ಯಾಮಿನಿ ಕುರ್ಚಿ ಹಿಡಿದುಕೊಂಡೇ ಕೇಳಿದಳು: “ಗ್ಯಾಪ್ಸ್ ಫಿಲ್ ಮಾಡಿದ್ರಾ ಮೇಷ್ಟ್ರೇ?”

ಇಲ್ಲ, ಅವಳ ಕಾಗದ ಹಾಗೆಯೇ ಇದೆ, ತಾನೇ ಬೇರೆ ಬರೆದು ಕಳಿಸಿದ್ದಾಗಿದೆ ಎಂದ. ನೀನೇ ಬರೆದುಕೊಂಡು ಬಾ ಅಂದದ್ದು ತನ್ನ ತಪ್ಪು ಎಂದೂ ಹೇಳಿದ. ಅವಳ ಮುಖದ ಬಿಗುವು ಇಳಿದದ್ದು ಅಷ್ಟು ದೂರದಿಂದಲೂ ಕಂಡಿತು. ಆ ಪತ್ರವನ್ನು ಅವಳು ಓದುವಂತಿರಲಿಲ್ಲ, ವಿಶ್ವವಿದ್ಯಾಲಯದ ನಿಯಮ. ಸೀಟು ಸಿಕ್ಕಿತೋ ಇಲ್ಲವೋ ಏಪ್ರಿಲ್‌ನಲ್ಲಿ ಗೊತ್ತಾಗುತ್ತದೆ, ಪತ್ರದಲ್ಲಿ ಏನಿತ್ತೆಂದು ಎಂದಿಗೂ ಗೊತ್ತಾಗುವುದಿಲ್ಲ. ಮಕ್ಕಳನ್ನು ಎದುರಿಗೇ ಹೊಗಳಬಾರದು, ಕಣ್ಣು ತಾಗುತ್ತದೆ ಎಂದು ಹಾಲಪ್ಪನ ಮನೆಯಲ್ಲಿ ಹೇಳುತ್ತಿದ್ದರು. ಆ ಭಯಕ್ಕೆ ಅವನ ಅಪ್ಪ ಒಂದು ಸಲವೂ ಬಾಯಿ ಬಿಡದೆ ಹೋಗಿಬಿಟ್ಟ. ಹಾಲಪ್ಪ ಎದ್ದು ಬೀರು ತೆರೆದು, ಪುಸ್ತಕಗಳ ಅಡಿಯಿಂದ ಅಂಚು ಹಳದಿಯಾದ ಸರ್ಟಿಫಿಕೇಟನ್ನು ತೆಗೆದು ಅವಳಿಗೆ ತೋರಿಸಿದ. ಕೊಡಲಿಲ್ಲ, ತೋರಿಸಿದ ಅಷ್ಟೇ.

“ಆವತ್ತು ಸರಿ ಇದ್ದಿದ್ದು ನೀನು. ನಾನು ನಿನ್ನ ಕೈಲಿ ಸಾರಿ ಹೇಳಿಸಬಾರದಿತ್ತು. ಆಮೇಲೆ ಅದನ್ನ ನನ್ನ ಐಡಿಯಾ ಅಂತ ಬೇರೆ ಹೇಳ್ಕೊಂಡು ತಿರುಗಿದೆ.”

“ಐ ನೋ, ಮೇಷ್ಟ್ರೇ,” ಎಂದಳು ಯಾಮಿನಿ. ಅವಳ ದನಿಯಲ್ಲಿ ಆಶ್ಚರ್ಯವಿರಲಿಲ್ಲ. ಕುರ್ಚಿಯನ್ನು ಸಾಲಿನ ಮೇಲೆ ಇಟ್ಟು, ಕೈ ಒರೆಸಿಕೊಂಡು, ಅವಳಿಗೆ ಯಾವಾಗಲೂ ಕಷ್ಟವಾಗುವ ಉದ್ದನೆಯ ಕನ್ನಡ ಮಾತಿಗೆ ಕೈ ಹಾಕಿದಳು. “ಐಡಿಯಾ ನಂದು. ಬಟ್, ಇಪ್ಪತ್ತಮೂರು ಸರ್ಟಿಫಿಕೇಟ್ ಕೂತ್ಕೊಂಡು ಒಂದೊಂದೂ ಬೇರೆಬೇರೆ ಬರ್ದಿದ್ದು ನೀವು. ಎವೆರಿ ಇಯರ್. ಒಂದು ಚಿಕ್ಕ ಹುಡುಗಿ ಹೇಳಿದ್ಲು ಅಂತ ದೊಡ್ಡೋರು ಯಾರೂ ಚೇಂಜ್ ಆಗಲ್ಲ. ನೀವು ಆದ್ರಿ. ಅದಕ್ಕೇ ನಿಮ್ಮನ್ನ ಕೇಳಿದ್ದು.”

ಹಾಲಪ್ಪ ಕಿಟಕಿಯ ಚಿಲಕ ನೋಡುವ ನೆಪದಲ್ಲಿ ಆ ಕಡೆ ತಿರುಗಿದ. ಹೊರಗೆ ಬಿಳಿ ಬಟ್ಟೆಯ ಕರಾಟೆ ಮಕ್ಕಳು ಕಾರುಗಳಿಂದ ಇಳಿಯುತ್ತಿದ್ದವು. ಅವಳು ಬ್ಯಾಗು ಹೆಗಲಿಗೇರಿಸಿ, ಮುಂದಿನ ವಾರ ಚಿಕ್ಕವರಿಗೆ ಪೆನ್ಸಿಲು ತರಬೇಕು ಎಂದು ನೆನಪಿಸಿ ಹೊರಟಳು. ತನ್ನ ಬಗ್ಗೆ ಅವಳು ಆಡಿದ ಮಾತನ್ನು ಅವನು ಮನಸ್ಸಿನಲ್ಲಿ ಮೊದಲಿನಿಂದ ಇನ್ನೊಂದು ಸಲ ಕೇಳಿಸಿಕೊಂಡ. ಅದರಲ್ಲಿ ಅವನು ಬರೆದದ್ದು ಒಂದು ಅಕ್ಷರವೂ ಇರಲಿಲ್ಲ. ಹೆಮ್ಮೆ ಎಂದರೆ ಇಷ್ಟು ಸುಲಭವಾದದ್ದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮೈಯೆಲ್ಲ ಬೆಚ್ಚಗಾಗಿ, ಕಣ್ಣಲ್ಲಿ ನೀರು ಬಂದು, ಸುಮ್ಮನೆ ನಿಂತಿರಬಹುದಾದದ್ದು. ಸರ್ಟಿಫಿಕೇಟನ್ನು ಮತ್ತೆ ಪುಸ್ತಕಗಳ ಅಡಿಗಿಟ್ಟ. ಹನ್ನೊಂದು ಗೆರೆಯ ಕಾಗದವನ್ನು ಅದರ ಜೊತೆಗಿಟ್ಟ. ಬೀರುವಿಗೆ ಕೀಲಿ ಹಾಕುವಾಗ ಕೋರ್ಟಿನ ಎದುರಿನ ಟೈಪಿಸ್ಟು ಕನ್ನಡಕದ ಮೇಲಿಂದ ನೋಡಿದ: ಯಾರಪ್ಪಾ ಈ ಹುಡುಗ?

“ನಾನೇ,” ಎಂದ ಹಾಲಪ್ಪ, ಖಾಲಿ ಹಾಲಿಗೆ ಕೇಳುವಷ್ಟು ಗಟ್ಟಿಯಾಗಿ, ಮತ್ತು ಕರಾಟೆಯವರಿಗೆ ಬಾಗಿಲು ತೆರೆದ.